ನಮ್ಮ ಮನೆಯ ಹೆಳವನ ಗಂಟೆ

ನಿಜಾಮರ ರಾಜ್ಯದ ಕೊನೆಯ ಸುಗ್ಗಿ ಅದು. ಕೊನೆಯದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ನನಗೆ ಒಂಬತ್ತು ವರ್ಷ. ಆ ದಿನಗಳಲ್ಲಿ ನಮ್ಮೂರಿನವರು ಮಾತಾಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಬಾವಿಕಟ್ಟೆಯಲ್ಲಿ ಕೊಡ ತುಂಬಿದ ಮೇಲೂ ಹೆಂಗಸರು ಅರ್ಧ ತಾಸು ನಿಂತು ಮಾತಾಡುತ್ತಿದ್ದರಲ್ಲ, ಆ ರೂಢಿ ನಿಂತುಹೋಗಿತ್ತು. ಊರಿನ ಹೆಸರು ಹೇಳುವುದಿಲ್ಲ. ಮಾನ್ವಿ ತಾಲೂಕು, ಹಿರೇಕೊಟ್ನೆಕಲ್ ದಾರಿ ಅಂದರೆ ಸಾಕು. ನಮ್ಮ ನೆಂಟರು ಇನ್ನೂ ಅಲ್ಲಿದ್ದಾರೆ, ನಮ್ಮ ನೆಂಟರನ್ನು ನಾನು ಬಲ್ಲೆ.

ಹೊಲದಲ್ಲಿ ಮಾತ್ರ ಎಲ್ಲ ಎಂದಿನಂತೆಯೇ ಇತ್ತು. ಎರೆಮಣ್ಣು ಬಿರುಕು ಬಿಡುವ ಹೊತ್ತಿಗೆ ಜೋಳ ಹಾಲ್ಗಾಳು ಕಟ್ಟಿ, ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ಉಜ್ಜಿ ಸೀತನಿ ತಿನ್ನುವ ಕಾಲ. ಅದರ ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಂಗೈ ಕಪ್ಪಾಗಿ, ಬಾಯಿ ಕಪ್ಪಾಗಿ, ಮನೆಗೆ ಬಂದರೆ ಅವ್ವ ಬಯ್ಯಬೇಕು. ಆ ವರ್ಷ ಅವ್ವ ಬಯ್ಯಲಿಲ್ಲ. ಅವಳ ಲಕ್ಷ್ಯವೆಲ್ಲ ಬಾಗಿಲ ಕಡೆಗೆ ಇರುತ್ತಿತ್ತು.

ಅಪ್ಪ ದೀಪಾವಳಿಯ ಮರುವಾರ ಹೊಳೆ ದಾಟಿ ಹೋಗಿದ್ದ. ತುಂಗಭದ್ರೆಯ ಆಚೆ ದಂಡೆ ನಿಜಾಮರದ್ದಲ್ಲ. ಅಲ್ಲಿ ನಮ್ಮ ಕಡೆಯ ಹರೆಯದವರು ಗುಡಾರ ಹಾಕಿಕೊಂಡು ರಾಜ್ಯದ ವಿರುದ್ಧ ಕೆಲಸ ಮಾಡುತ್ತಿದ್ದರು. ಈಚೆ ದಂಡೆಯಲ್ಲಿ ನಿಜಾಮರ ಪರ ಬಂದೂಕು ಹಿಡಿದವರು ಊರೂರು ತಿರುಗಿ, ಯಾರ ಮನೆಯ ಗಂಡಸು ಮನೆಯಲ್ಲಿಲ್ಲ ಅಂತ ವಿಚಾರಿಸುತ್ತಿದ್ದರು. ಅವ್ವ ನನ್ನ ಗಲ್ಲ ಹಿಡಿದು ಬಾಯಿಪಾಠ ಮಾಡಿಸಿದ್ದಳು.

"ಅಪ್ಪ ಎಲ್ಲಿ ಅಂದ್ರ ಏನಂತಿ?"

"ಆದವಾನಿಗೆ ಹತ್ತಿ ಮಾರಾಕ ಹೋಗ್ಯಾನ."

"ಎಂದ ಬರತಾನ?"

"ಗೊತ್ತಿಲ್ರಿ."

"ಹಾಂ. ಅಷ್ಟ. ಮುಂದ ತುಟಿ ಬಿಚ್ಚಬ್ಯಾಡ."

ಊರಿನ ಗೌಡರು ಹೆದರಿಕೆಗೆ ಒಂದು ಉಪಾಯ ಕಂಡುಕೊಂಡಿದ್ದರು. ಹೊಸಬರು ಯಾರಾದರೂ ಊರಬಾಗಿಲ ಅಗಸಿ ದಾಟಿ ಬಂದರೆ ಮೊದಲು ಓಡಿಬಂದು ಚಾವಡಿಗೆ ತಿಳಿಸಿದ ಮಕ್ಕಳಿಗೆ ಒಂದು ಬೊಗಸೆ ಪುಟಾಣಿ, ಒಂದು ಚೂರು ಬೆಲ್ಲ. ನಮಗೆ ಅದೇ ಆಟವಾಯಿತು. ಆಣಿಕಲ್ಲು, ಕುಂಟಬಿಲ್ಲೆ ಮೂಲೆಗೆ ಬಿದ್ದವು. ಬಳೆಗಾರ ಬಂದ, ಹೇಳಿದೆವು. ಕಲಾಯಿ ಮಾಡುವವ ಬಂದ, ಹೇಳಿದೆವು. ಗೌಡರು ಅವರನ್ನು ಎರಡು ಮಾತು ಕೇಳಿ ಬಿಟ್ಟುಬಿಡುತ್ತಿದ್ದರು. ಯಾರಿಗೂ ಏನೂ ಆಗುತ್ತಿರಲಿಲ್ಲ, ಬೆಲ್ಲ ಮಾತ್ರ ಸಿಗುತ್ತಿತ್ತು. ಹಗ್ಗ ಕಂಡರೆ ಹಾವು ಅನ್ನುವ ಕಾಲದಲ್ಲಿ ಹಗ್ಗ ತೋರಿಸಿದವರಿಗೂ ಇನಾಮು.

ಹೆಳವ ಅಂದರೆ ಈಗಿನವರಿಗೆ ಹೇಳಬೇಕಾಗುತ್ತದೆ. ಮನೆತನದ ಪೀಳಿಗೆ ಪೀಳಿಗೆಯ ಹೆಸರು ಕಾಯುವುದು ಅವರ ಕಸಬು. ಸುಗ್ಗಿಯಲ್ಲಿ, ಮೂರು ವರ್ಷಕ್ಕೊಮ್ಮೆ, ಎತ್ತಿನ ಮೇಲೆ ಕೂತು, ಕೈಯಲ್ಲಿ ಗಂಟೆ ಹಿಡಿದು ಬರುತ್ತಿದ್ದರು. ನಮ್ಮ ಮನೆಯ ಹೆಳವನ ಹೆಸರು ನಿಂಗಪ್ಪ. ಊರು ವಿಜಾಪುರದ ಕಡೆ. ನಮ್ಮೂರಲ್ಲಿ ಅವನು ಹೆಸರು ಹೇಳುವ ಒಕ್ಕಲು ಆರು ಮನೆ. ಕಟ್ಟೆಯ ಮುಂದೆ ಎತ್ತು ನಿಲ್ಲಿಸಿ, ಚರ್ಮ ಸುತ್ತಿದ ಪುಸ್ತಕ ಬಿಚ್ಚಿ, ಮೂಲಪುರುಷನಿಂದ ಹಿಡಿದು ಒಂದೊಂದೇ ಹೆಸರು ರಾಗವಾಗಿ ಹೇಳುತ್ತಿದ್ದ. ಹೆಸರಿಗೊಂದು ಸಲ ಗಂಟೆ ಬಾರಿಸುತ್ತಿದ್ದ. ಮೊರದ ತುಂಬ ಜೋಳ, ಒಂದು ಪಂಚೆ ಕೊಟ್ಟರೆ ಹರಸಿ ಮುಂದಿನ ಮನೆಗೆ.

ಹಿಂದಿನ ಸಲ ಅವನು ಬಂದಾಗ ನನಗೆ ಆರು ವರ್ಷ. ಅಜ್ಜ ಕಟ್ಟೆಯ ಮೇಲೆ, ಆಯಿ ಬಾಗಿಲ ಹಿಂದೆ. ಅಪ್ಪನ ಅವ್ವನನ್ನು ನಾವು ಆಯಿ ಅನ್ನುತ್ತಿದ್ದೆವು. ನಿಂಗಪ್ಪ ಅಜ್ಜನ ಹೆಸರು ಹೇಳಿ, "ಮಕ್ಕಳು ಮೂವರು" ಅಂದ. ಹಿರಿಯವ ಬಸಣ್ಣ. ಅದು ಅಪ್ಪ, ಗಂಟೆ. ಎರಡನೆಯವ ಸಿದ್ಲಿಂಗ. ಅದು ಆರು ತಿಂಗಳಿಗೆ ತೀರಿಹೋದ ಕೂಸು, ಅದಕ್ಕೂ ಗಂಟೆ. ಅಷ್ಟಕ್ಕೆ ಅಜ್ಜ ಎದ್ದ. "ದನ ನೋಡಿ ಬರತೀನಿ" ಅಂತ ಕೊಟ್ಟಿಗೆಗೆ ಹೋದ. ನಿಂಗಪ್ಪ ಅಜ್ಜನ ಬೆನ್ನು ಮರೆಯಾಗುವ ತನಕ ಕಾದು, ದನಿ ತಗ್ಗಿಸಿ ಮೂರನೆಯ ಹೆಸರು ಹೇಳಿದ. ಬಾಗಿಲ ಹಿಂದೆ ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಹೆಸರು ನನ್ನ ಕಿವಿಗೂ ಬಿದ್ದಿರಬೇಕು. ನಾನು ಎತ್ತಿನ ಕೊರಳ ಸರ ನೋಡುತ್ತಿದ್ದೆ.

ಮೂರನೆಯ ಮಗನ ಕತೆಯನ್ನು ನಾನು ಚೂರು ಚೂರಾಗಿ, ಬಾಗಿಲ ಸಂದಿಯಲ್ಲಿ ಕೂಡಿಸಿಕೊಂಡೆ. ನಾನು ಹುಟ್ಟುವ ಮೊದಲಿನ ಒಂದು ಬೇಸಿಗೆ. ಊರು ಮುಟ್ಟಿಸಿಕೊಳ್ಳದ ಕೇರಿಯ ನೀರಿನ ಗುಂಡಿ ಬತ್ತಿತ್ತು. ನಮ್ಮ ಹೊಲದಲ್ಲಿ ಮೆಟ್ಟಿಲಿನ ಬಾವಿ. ಕೇರಿಯವರ ಕೊಡಕ್ಕೆ ಮೇಲಿಂದ ನೀರು ಹೊಯ್ದರೆ ಊರು ಏನೂ ಅನ್ನುತ್ತಿರಲಿಲ್ಲ, ಪುಣ್ಯದ ಕೆಲಸ ಅನ್ನುತ್ತಿತ್ತು. ಆ ಮೂರನೆಯವ, ನನ್ನ ಕಾಕಾ, ಹೊಯ್ಯಲಿಲ್ಲ. "ಕಾಲದಾವ, ಇಳದು ತುಂಬಿಕೊಳ್ಳಲಿ" ಅಂದ. ಕೇರಿಯ ಹೆಂಗಸರು ಮೆಟ್ಟಿಲಿಳಿದರು. ಹೊಯ್ಯುವುದಕ್ಕೂ ಇಳಿಯುವುದಕ್ಕೂ ಹದಿನಾಲ್ಕು ಮೆಟ್ಟಿಲಿನ ಫರಕು, ಅಷ್ಟೇ. ಊರು ನಮ್ಮ ಮನೆಗೆ ಬೆಂಕಿ ಕೊಡುವುದು ಬಿಟ್ಟಿತು. ಕ್ಷೌರದವ ಬರಲಿಲ್ಲ, ಅಯ್ಯನವರು ಬರಲಿಲ್ಲ. ಅಜ್ಜ ಎರಡು ತಿಂಗಳು ತಡೆದ. ಆಮೇಲೆ ಮಠದ ಮುಂದೆ ಕೊಡ ಒಡೆದು, ಬದುಕಿದ್ದ ಮಗನಿಗೆ ಸತ್ತವರ ಶಾಸ್ತ್ರ ಮಾಡಿದ. ಇನ್ನು ಆ ಹೆಸರು ಈ ಮನೆಯಲ್ಲಿ ಎತ್ತುವುದಿಲ್ಲ ಅಂತ ಆಯಿಯ ಕೈಯಲ್ಲಿ ಲಿಂಗ ಹಿಡಿಸಿ ಆಣೆ ಮಾಡಿಸಿದ. ಕಾಕಾ ಕೇರಿಯ ಎರಡು ಸಂಸಾರದ ಜೊತೆ ದೇವದುರ್ಗದ ಕಡೆ ರಸ್ತೆಯ ಕಲ್ಲು ಒಡೆಯಲು ಹೋದನಂತೆ. ಅಲ್ಲಿಂದ ಮುಂದಿನದು ಯಾರಿಗೂ ಗೊತ್ತಿಲ್ಲ, ಅಥವಾ ಗೊತ್ತಿಲ್ಲ ಅನ್ನುತ್ತಾರೆ.

ಇದೇ ಅಜ್ಜ ಶ್ರಾವಣದಲ್ಲಿ ಮಠದ ಪುರಾಣಕ್ಕೆ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ. ಶರಣನೊಬ್ಬ ಕೇರಿಗೆ ಹೋಗಿ ಅಂಬಲಿ ಕುಡಿದದ್ದು, ಊರು ಅವನನ್ನು ಹೊರಗೆ ಹಾಕಿದ್ದು, ಅವನು ಹಿಂದಿರುಗಿ ನೋಡದೆ ನಡೆದದ್ದು ಬಂದಾಗ ಅಜ್ಜನ ಕಣ್ಣಲ್ಲಿ ದಳದಳ ನೀರು. ಇಡೀ ಊರು ಮೂಗು ಒರೆಸಿಕೊಳ್ಳುತ್ತಿತ್ತು. ನೂರಾರು ವರ್ಷದ ಹಿಂದಿನವನಾದರೆ ಶರಣ, ಹೊಟ್ಟೆಯಲ್ಲಿ ಹುಟ್ಟಿದವನಾದರೆ ಕುಲಗೇಡಿ. ಅಂದಿನಿಂದ ಪುರಾಣ ಕೇಳಿ ಅಳುವವರನ್ನು ಕಂಡರೆ ನನಗೆ ಸಂಶಯ.

ಆ ಸುಗ್ಗಿಯಲ್ಲಿ ಆಯಿ ಬೆಳಗಾದರೆ ಅಗಸಿಯ ಕಡೆ ನೋಡುತ್ತಿದ್ದಳು. "ಈ ವರ್ಷ ಹೆಳವ ಬರೋ ವರ್ಷ" ಅನ್ನುತ್ತಿದ್ದಳು. ಹೊಸ ಪಂಚೆಯೊಂದನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅವಳಿಗೆ ಮಗನ ಹೆಸರು ಬಾಯಲ್ಲಿ ತರುವಂತಿಲ್ಲ, ಇನ್ನೊಬ್ಬರಿಂದ ಕೇಳುವುದಕ್ಕೆ ಆಣೆ ಇರಲಿಲ್ಲ. ಮೂರು ವರ್ಷಕ್ಕೊಮ್ಮೆ, ಒಂದು ಉಸಿರಿನಷ್ಟು ಹೊತ್ತು, ಆ ಮಗ ಅವಳಿಗೆ ಸಿಗುತ್ತಿದ್ದ.

ನಿಂಗಪ್ಪ ಬಂದ ದಿನ ಅಜ್ಜ ಹೊಲದಲ್ಲಿದ್ದ. ಅವ್ವ ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆಯಿ ಪಂಚೆ ತರಲು ಒಳಗೆ ಓಡಿದಳು, ನನ್ನ ಅಷ್ಟು ವರ್ಷದಲ್ಲಿ ಆಯಿ ಓಡಿದ್ದನ್ನು ಕಂಡದ್ದು ಅದೊಂದೇ ಸಲ. ಕಟ್ಟೆಯ ಮೇಲೆ ನಾನು, ಎತ್ತಿನ ಮೇಲೆ ಅವನು. ಯಜಮಾನ ಬಂದು 'ಹೇಳು' ಅನ್ನುವ ತನಕ ಅವನು ರಾಗ ಎತ್ತುವಂತಿಲ್ಲ. ಹೊತ್ತು ಕಳೆಯಲು ನನ್ನ ಜೊತೆ ಮಾತಿಗೆ ಕೂತ.

"ನೀ ಬಸಣ್ಣನ ಮಗಳೇನವ್ವ? ನಿಮ್ಮಪ್ಪ ಎಲ್ಲದಾನ? ಗಂಡ್ಮಕ್ಕಳು ಎಷ್ಟಾದ್ರು ಅವಗ?"

"ಆದವಾನಿಗೆ ಹತ್ತಿ ಮಾರಾಕ ಹೋಗ್ಯಾನ" ಅಂದೆ.

"ಎಂದ ಬರತಾನ?"

ಅವ್ವ ಕೇಳಿದ ಕ್ರಮದಲ್ಲೇ ಕೇಳುತ್ತಿದ್ದಾನೆ! "ಗೊತ್ತಿಲ್ರಿ" ಅಂದು ತುಟಿ ಬಿಗಿದುಕೊಂಡೆ. ಅವನು ಪುಸ್ತಕದ ಚರ್ಮ ಬಿಚ್ಚಿ ಹಾಳೆ ತಿರುವತೊಡಗಿದ. ನಾನು ತಡೆಯಲಾಗದೆ ಕೇಳಿದೆ, "ನನ್ನ ಹೆಸರು ಅದ ಏನು ಅದರಾಗ?"

ಅವನು ನಕ್ಕ. "ಹೆಣ್ಮಕ್ಕಳದ್ದು ನಾವು ಬರಕೊಳ್ಳಂಗಿಲ್ಲವ್ವ. ನಿಮ್ಮತ್ತಿ ಮನಿ ಹೆಳವ ಬರಕೋತಾನ, ತಗೋ."

ನಾನು ಕಟ್ಟೆಯಿಂದ ಜಿಗಿದು ಚಾವಡಿಗೆ ಓಡಿದೆ. ಅಪ್ಪನ ಜೀವ ಉಳಿಸಲು ಓಡಿದೆ ಅಂತ ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಆರು ತಿಂಗಳ ಕೂಸಿಗೂ ಜಾಗವಿದ್ದ ಪುಸ್ತಕದಲ್ಲಿ ನನಗೆ ಜಾಗವಿಲ್ಲ ಅನ್ನುವ ಉರಿಯೂ ಕಾಲಿಗೆ ಬಲ ಕೊಟ್ಟಿರಬೇಕು. ಬೆಲ್ಲದ ನೆನಪೂ ಇತ್ತು.

"ಗೌಡ್ರ, ಎತ್ತಿನ ಮ್ಯಾಲೊಬ್ಬ ಬಂದಾನ. ಅಪ್ಪ ಎಲ್ಲಿ, ಎಂದ ಬರತಾನ ಅಂತ ಕೇಳಿದ."

ಗೌಡರು ಎದ್ದು ಕೂತರು. "ಬರಕೊಂಡನೇನ ಬೇ?"

ನಿಂಗಪ್ಪ ಲೇಖನಿ ಹೊರಗೆ ತೆಗೆದಿರಲೇ ಇಲ್ಲ. ಆದರೆ ಗೌಡರ ಮುಖದಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರಕ್ಕೆ ಜಾಗವಿತ್ತು.

"ಹೂನ್ರಿ. ಬರಕೊಂಡ."

ಅವನನ್ನು ಎತ್ತಿನ ಸಮೇತ ಚಾವಡಿಗೆ ಕರೆತಂದರು. ಊರಿನ ಗಂಡಸರೆಲ್ಲ ಸೇರಿದರು. ಹೊಲದಿಂದ ಅಜ್ಜನೂ ಬಂದ. ಗೌಡರು ಪುಸ್ತಕ ತಿರುವಿದರು. ಅವರು ಉರ್ದು ಓದಿದವರು, ಅದು ಉರ್ದುವಲ್ಲ. ಅಯ್ಯನವರ ಕೈಗೆ ಕೊಟ್ಟರು. ಅವರು ಕನ್ನಡ ಬಲ್ಲವರು, ಅದು ಅವರು ಬಲ್ಲ ಅಕ್ಷರವಲ್ಲ.

"ಇದೇನು ಬರಹ ಲೇ?"

"ಮೋಡಿ ಅಕ್ಷರ ರೀ ಯಪ್ಪಾ. ನಮ್ಮ ಹಿರ್‍ಯಾರ ಕಾಲದ್ದು."

ಒಬ್ಬರಿಗೂ ಓದಲು ಬರಲಿಲ್ಲ, ಆದ್ದರಿಂದ ಎಲ್ಲರಿಗೂ ಅರ್ಥವಾಯಿತು. ಸಾಲು ಸಾಲು ಹೆಸರು, ಊರು ಊರಿನದು, ಮನೆ ಮನೆಯದು. ಆ ವರ್ಷ ಅಂಥ ಪುಸ್ತಕ ಇನ್ನೇನಾಗಿರಲು ಸಾಧ್ಯ? "ನಿನ್ನ ಮುಖದ ಗುರ್ತು ನನಗೂ ಅದ" ಅಂದರು ಗೌಡರು, "ಆದ್ರ ಈ ಕಾಲದಾಗ ಮುಖ ನಂಬಾಕ ಬರತದೇನು?" ಆಮೇಲೆ ಅವನ ಒಕ್ಕಲಿನ ಮನೆಗಳ ಹಿರಿಯರ ಕಡೆ ತಿರುಗಿ, ಇವನ ಜವಾಬ್ದಾರಿ ಯಾರು ಹೊರುತ್ತೀರಿ ಅಂತ ಕೇಳಿದರು. ಐದು ಮನೆಯವರು ನೆಲ ನೋಡಿದರು. ಅಜ್ಜ ಮೀಸೆ ಸವರಿಕೊಂಡ.

"ಮೂರು ವರ್ಷಕ್ಕೊಮ್ಮಿ ಬರತಾನ, ಖರೆ. ನಡುವ ಎಲ್ಲಿರತಾನ, ಯಾರ ಉಪ್ಪು ತಿಂತಾನ, ನನಗೇನು ಗೊತ್ತು?"

ಅವನು ಹಾಗೇಕೆ ಅಂದ? ಹೆಳವನ ಪರ ನಿಂತರೆ ಮಾತು ಅಪ್ಪನ ಕಡೆ ತಿರುಗೀತು ಅನ್ನುವ ಭಯವೋ? ಆ ಪುಸ್ತಕದ ಒಂದು ಸಾಲು ತಾನಾಗಿ ಇಲ್ಲವಾಗಲಿ ಅನ್ನುವ ಆಸೆಯೋ? ನಾನು ಇದನ್ನು ಎಪ್ಪತ್ತು ವರ್ಷ ತಿರುವಿ ಹಾಕಿದ್ದೇನೆ. ಒಂದು ದಿನ ಭಯ ಅನ್ನಿಸುತ್ತದೆ, ಒಂದು ದಿನ ಆಸೆ ಅನ್ನಿಸುತ್ತದೆ.

ಆಗ ಆಯಿ ಬಂದಳು. ಚಾವಡಿಯ ಕಟ್ಟೆ ಹತ್ತಿದ ಹೆಂಗಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೈಯಲ್ಲಿ ಆ ಮಡಿಚಿದ ಪಂಚೆ ಇತ್ತು.

"ಅವ ನಮ್ಮ ಹೆಳವ" ಅಂದಳು. "ಅದರಾಗ ನನ್ನ ಮಕ್ಕಳದಾರ."

ಗೌಡರು ಮೆತ್ತಗೆ, ಗೌರವದಿಂದಲೇ ಕೇಳಿದರು. "ಯಾರ್‍ಯಾರು ಹೇಳ್ರಿ ಯವ್ವಾ. ನೀವು ಹೆಸರು ಹೇಳ್ರಿ, ಅವ ಬೆರಳಿಟ್ಟು ಓದಲಿ. ಎಲ್ಲಾ ಹೊಂದಿದ್ರ ಪುಸ್ತಕ ಅವನ ಕೈಯಾಗ ಕೊಟ್ಟು ಕಳಸ್ತೀನಿ."

"ಹಿರ್‍ಯಾವ ಬಸಣ್ಣ."

ನಿಂಗಪ್ಪ ಬೆರಳಿಟ್ಟು ಓದಿದ. "ಬಸಣ್ಣ."

"ಎರಡನೇದ್ದು ಸಿದ್ಲಿಂಗ. ಆರು ತಿಂಗಳದ್ದು."

"ಸಿದ್ಲಿಂಗ."

"ಮುಂದ?" ಅಂದರು ಗೌಡರು. ಅಲ್ಲಿ ಸೇರಿದವರಿಗೆಲ್ಲ ಆ ಮುಂದಿನದು ಗೊತ್ತಿತ್ತು. ಬೆಂಕಿ ಕೊಡದೆ ಬಾಗಿಲು ಹಾಕಿಕೊಂಡವರು ಅವರೇ. ಆಯಿಯ ಕೈ ಸೆರಗಿನೊಳಗೆ ಲಿಂಗದ ಮೇಲೆ ಹೋಯಿತು. ತುಟಿ ಅಲುಗಿದವು. ಅವಳು ಅಜ್ಜನ ಕಡೆ ನೋಡಿದಳು. ಆ ನೋಟ ಎಷ್ಟು ಹೊತ್ತು ಇತ್ತು ಅಂದರೆ ನನಗೆ ಮೂತ್ರ ಬಂದಂತಾಯಿತು. ಅಜ್ಜ ಒಂದು ಮಾತು, 'ಹೇಳು' ಅನ್ನುವ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಕೆಮ್ಮಿದ.

"ನನ್ನ ಬಾಯಿ ಕಟ್ಯಾರ" ಅಂದಳು ಆಯಿ.

ಹೆಸರು ಹೊಂದಲಿಲ್ಲ ಅಂತ ಲೆಕ್ಕವಾಯಿತು. ಗೌಡರು ಕೆಟ್ಟವರಲ್ಲ, ಅದನ್ನು ಹೇಳಬೇಕು. ಬಂದೂಕಿನವರ ಕೈಗೆ ಈ ಪುಸ್ತಕ ಸಿಕ್ಕರೆ ಊರಿಗೆ ಕೇಡು, ಹೊಳೆಯಾಚೆಯವರ ಕೈಗೆ ಸಿಕ್ಕರೂ ಕೇಡು, ಯಾರ ಕೈಗೂ ಸಿಗಬಾರದು ಅಂದರು. ಚಾವಡಿಯ ಮುಂದೆ ನೀರು ಕಾಯುತ್ತಿದ್ದ ಒಲೆಗೆ ಹಾಕಿಸಿದರು. ನಿಂಗಪ್ಪ ಕೂಗಲಿಲ್ಲ. "ಅದರಾಗ ನಿಮ್ಮ ಹಿರ್‍ಯಾರದಾರ್ರಿ" ಅಂತ ಮಾತ್ರ ಅಂದ. ಚರ್ಮ ಸುಟ್ಟ ವಾಸನೆ ಸೀತನಿಯ ಹೊಗೆಯ ಜೊತೆ ಊರೆಲ್ಲ ಹಬ್ಬಿತು. ಗೌಡರು ನನ್ನ ಬೊಗಸೆಗೆ ಪುಟಾಣಿ ಬೆಲ್ಲ ಹಾಕಿದರು. ಬಿಸಾಡಿದೆ ಅಂತ ಬರೆದರೆ ಚೆನ್ನಾಗಿರುತ್ತದೆ. ನಾನು ತಿಂದೆ.

ಊರ ಗಡಿ ದಾಟುವ ತನಕ ಬಾಯಿ ತೆಗೆಯಕೂಡದು ಅಂತ ತಾಕೀತು ಮಾಡಿ ಅವನನ್ನು ಕಳಿಸಿದರು. ಹಿಂದೆ ಚಾವಡಿಯ ಆಳು. ನಮ್ಮ ಮನೆಯ ಮುಂದೆ ಬಂದಾಗ ಎತ್ತು ರೂಢಿಯಂತೆ ತಾನೇ ನಿಂತಿತು. ಕಟ್ಟೆಯ ಮೇಲೆ ಅಜ್ಜ, ಬಾಗಿಲಲ್ಲಿ ಆಯಿ, ಅವಳ ಪಕ್ಕ ನಾನು. ನಿಂಗಪ್ಪ ತುಟಿ ಬಿಚ್ಚಲಿಲ್ಲ. ಗಂಟೆ ಎತ್ತಿದ. ಒಂದು ಸಲ ಬಾರಿಸಿದ. ಇನ್ನೊಂದು ಸಲ ಬಾರಿಸಿದ. ನಿಂತ.

ಅಜ್ಜ ಎದ್ದ. "ದನ ನೋಡಿ ಬರತೀನಿ" ಅಂದ. ದನ ಎಲ್ಲ ಹೊಲದಲ್ಲಿದ್ದವು, ಕೊಟ್ಟಿಗೆ ಖಾಲಿ ಇತ್ತು. ಆದರೂ ಹೋದ.

ನಿಂಗಪ್ಪ ಮೂರನೆಯ ಸಲ ಗಂಟೆ ಬಾರಿಸಿದ. ಆಯಿ ಕಣ್ಣು ಮುಚ್ಚಿದಳು. ಎತ್ತು ಅಗಸಿಯ ಕಡೆ ನಡೆಯಿತು. ಆಯಿ ನನ್ನ ತಲೆ ಮುಟ್ಟಿ, "ಕೇಳಿದಿಯೇನವ್ವ?" ಅಂದಳು.

"ಗಂಟಿ ಕೇಳಿದೆ ಆಯಿ."

ಅವಳು ಪಂಚೆ ಎತ್ತಿಕೊಂಡು ಒಳಗೆ ಹೋದಳು. ಸುದ್ದಿ ಹೇಳಿದವಳು ನಾನು ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ರಾಜ್ಯ ಬದಲಾಯಿತು. ಅಪ್ಪ ಹೊಳೆ ದಾಟಿ ಬಂದ. ಅದೇ ಚಾವಡಿಯಲ್ಲಿ, ಅದೇ ಗೌಡರ ಕೈಯಿಂದ ಅವನಿಗೆ ಹಾರ ಬಿತ್ತು. ಅವನ ಹೆಸರು ಈಗ ಹೋರಾಟಗಾರರ ಕಲ್ಲಿನ ಮೇಲೂ ಇದೆ. ಆಯಿ ಮತ್ತೆ ಮೂರು ವರ್ಷ ಎಣಿಸಿದಳು, ನಿಂಗಪ್ಪ ಬರಲಿಲ್ಲ. ಅವಳು ಹೋದ ಮೇಲೆ ಪೆಟ್ಟಿಗೆಯಲ್ಲಿ ಆ ಪಂಚೆ ಮಡಿಕೆ ಬಿಚ್ಚದೆ ಸಿಕ್ಕಿತು. ನಾನು ದೊಡ್ಡವಳಾಗಿ ಅಪ್ಪನನ್ನು ಕೇಳಿದೆ, ನಿನ್ನ ತಮ್ಮನ ಹೆಸರೇನು ಅಂತ. "ಅದನ್ನ ಬಿಡವ್ವ, ನಿಮ್ಮಜ್ಜನ ಮಾತದ" ಅಂದ. ಬಂದೂಕಿಗೆ ಹೆದರದ ಅಪ್ಪ, ಎಂದೋ ಸತ್ತ ಅಜ್ಜನ ಕೆಮ್ಮಿಗೆ ಹೆದರಿದ.

ನಾನು ಮದುವೆಯಾಗಲಿಲ್ಲ. ರಾಯಚೂರಿನಲ್ಲಿ ಸಾಲಿಯ ಟೀಚರಾಗಿ ಮೂವತ್ತು ವರ್ಷ ಇತಿಹಾಸ ಕಲಿಸಿದೆ. ಅರಸನ ವಿರುದ್ಧ ನಿಂತವರ ಪಾಠ ಬಹಳ ಇವೆ. ತನ್ನ ಊರಿನ ವಿರುದ್ಧ, ತನ್ನ ಅಪ್ಪನ ವಿರುದ್ಧ, ಒಂದು ಬಾವಿಯ ಮೆಟ್ಟಿಲ ಮೇಲೆ ನಿಂತವನ ಪಾಠ ಎಲ್ಲಿದೆ? ಇತಿಹಾಸ ಗೆದ್ದ ಮೇಲೆ ಬರೆದದ್ದು, ಪುರಾಣ ಎಲ್ಲರೂ ಸತ್ತ ಮೇಲೆ ಹೇಳಿದ್ದು. ನಡುವೆ ಬದುಕಿದವರನ್ನು ಎರಡೂ ಸೇರಿಸಿಕೊಳ್ಳುವುದಿಲ್ಲ ಅಂತ ಹುಡುಗಿಯರಿಗೆ ಹೇಳುತ್ತಿದ್ದೆ. ಪರೀಕ್ಷೆಗೆ ಬರತದೇನ್ರಿ ಟೀಚರ್ ಅನ್ನುತ್ತಿದ್ದರು.

ನಿವೃತ್ತಿಯ ಮೇಲೆ ನಮ್ಮೂರಿಗೆ ಹೋಗಿ ಕಾಕಾನ ಹೆಸರು ಕೇಳಿದೆ. ನೆಂಟರಲ್ಲಿ ಒಬ್ಬರು ಸಂಗಪ್ಪ ಅಂದರು, ಇನ್ನೊಬ್ಬರು ಅಲ್ಲ ಮಲ್ಲಪ್ಪ ಅಂದರು, ಮೂರನೆಯವರು ಅಂಥವರೇ ಇರಲಿಲ್ಲ ಅಂದರು. ಮೂವರನ್ನೂ ನಾನು ನಂಬಲಿಲ್ಲ. ಕೊನೆಗೆ ಕೇರಿಗೆ ಹೋದೆ. ಅಲ್ಲಿನ ಹಳೆಯ ಮನೆಯೊಂದರ ಮೊಮ್ಮಗ ರಾಯಚೂರಿನಲ್ಲಿ ಕಾಲೇಜಿನ ಮೇಷ್ಟ್ರು, ಅವನೇ ಕರೆದೊಯ್ದ. ಅವನ ಅಜ್ಜಿ, ಆ ಬೇಸಿಗೆಯಲ್ಲಿ ತನ್ನ ಅವ್ವನ ಕೈ ಹಿಡಿದು ಮೆಟ್ಟಿಲಿಳಿದವಳು, ನನ್ನ ಕೈ ಹಿಡಿದು ಕೂರಿಸಿಕೊಂಡಳು. ಕಾಕಾ ನೀರಿನ ಹತ್ತಿರ ಎಲ್ಲಿ ನಿಂತಿದ್ದ, ಯಾವ ಬಣ್ಣದ ರುಮಾಲು ಸುತ್ತಿದ್ದ, ತನಗೆ ಕಾಲು ಜಾರಿದಾಗ ಹೇಗೆ ರಟ್ಟೆ ಹಿಡಿದ, ಎಲ್ಲ ಹೇಳಿದಳು.

"ಹೆಸರು?" ಅಂದೆ.

"ಸಣ್ಣ ಧಣಿ ಅಂತಿದ್ವಿ ಯವ್ವಾ. ಹೆಸರು ತಗೊಳ್ಳಾಕ ನಮಗ ಆಗ ಎಲ್ಲಿ ಬಾಯಿ ಇತ್ತು?"

ಬಾವಿ ಈಗ ಮುಚ್ಚಿದೆ. ಸೀತನಿ ಸುಡುವ ಹೊಗೆ ಎಲ್ಲೋ ಒಂದು ಕಡೆ ಕಾಣುತ್ತದೆ. ಎತ್ತಿನ ಮೇಲೆ ಗಂಟೆ ಹಿಡಿದು ಬರುವವರನ್ನು ಕಂಡು ಎಷ್ಟು ವರ್ಷವಾಯಿತೋ. ಹೋದವುಗಳಲ್ಲಿ ಬಹಳಷ್ಟಕ್ಕೆ ನಾನು ಅಳುವುದಿಲ್ಲ, ಹೋಗಬೇಕಾದವೇ ಹೆಚ್ಚು. ಆ ಪುಸ್ತಕದ ಒಂದು ಸಾಲು ಮಾತ್ರ ಬೇಕಿತ್ತು. ಮಕ್ಕಳು ಮೂವರು, ಹಿರಿಯವ ಬಸಣ್ಣ, ಎರಡನೆಯವ ಸಿದ್ಲಿಂಗ ಅಂತ ನಾನು ಈಗಲೂ ಒಮ್ಮೊಮ್ಮೆ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಅಲ್ಲಿಗೆ ನಿಲ್ಲುತ್ತದೆ. ಬರಕೊಂಡ ಅಂತ ನಾನು ನಿಂಗಪ್ಪನ ಮೇಲೆ ದೂರು ಹೇಳಿದೆ. ನನ್ನ ಕಾಕಾನ ಹೆಸರನ್ನು ಬರೆದುಕೊಂಡಿದ್ದವನು ಈ ಭೂಮಿಯ ಮೇಲೆ ಅವನೊಬ್ಬನೇ.